ಎಲ್ಲ ಹಳೆಯ ಗಾಜೂ ಬೆಲ್ಜಿಯಂ ಅಲ್ಲ

ಉಡುಪಿ ಕಡೆಯ ಹಳೆಯ ಮನೆಗಳಲ್ಲಿ ಗಾಜಿನ ಸಾಮಾನಿಗೆಲ್ಲ ಒಂದೇ ತವರು. ಚಾವಡಿಯ ಕನ್ನಡಿ ಬೆಲ್ಜಿಯಂ, ಮುಚ್ಚಿಗೆಯಿಂದ ಇಳಿಬಿಟ್ಟ ತೂಗುದೀಪ ಬೆಲ್ಜಿಯಂ, ಬೀಗರು ಬಂದಾಗ ಮಾತ್ರ ಕಪಾಟಿನಿಂದ ಹೊರಬರುತ್ತಿದ್ದ ಪಾನಕದ ಲೋಟವೂ ಬೆಲ್ಜಿಯಂ. ಕರಾವಳಿಯ ಮನೆಗಳಿಗೆ ಹೊರಗಿನಿಂದ ಬಂದ ಗೃಹಬಳಕೆಯ ವಸ್ತುಗಳ ಮೇಲೆ ಮಣಿಪಾಲದಲ್ಲಿದ್ದುಕೊಂಡು ಸಂಶೋಧನೆ ಮಾಡುತ್ತಿರುವ ನನಗೆ ಈ ಒಂದು ಪದ ಬಿಡಿಸಿಕೊಳ್ಳುವುದೇ ದೊಡ್ಡ ಕೆಲಸವಾಗಿದೆ.

ಹಂಚಿನ ಮೇಲೆ ಕೆಲಸ ಮಾಡುವವರನ್ನು ಕಂಡರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿತು. ಆಮೇಲೆ ಬಂದ ಕಾರ್ಖಾನೆಗಳೂ ತಮ್ಮ ಹೆಸರನ್ನು ಹಂಚಿನ ಮೈಮೇಲೆ ಒತ್ತಿಯೇ ಕಳಿಸಿದವು. ಮಾಡಿನಿಂದ ಒಂದು ಹಂಚು ಇಳಿಸಿ ಮಗುಚಿದರೆ ಅದು ಯಾರದೆಂದು ತಿಳಿಯುತ್ತದೆ. ಗಾಜು ಹಾಗೆ ಬಾಯಿ ಬಿಡುವುದಿಲ್ಲ. ಹೆಚ್ಚಿನವಕ್ಕೆ ಹೆಸರಿಲ್ಲ. ಹೆಸರಿದ್ದರೂ ತಳದಲ್ಲಿ, ಬೆಳಕಿಗೆ ಓರೆಯಾಗಿ ಹಿಡಿದಾಗ ಮಾತ್ರ ಕಾಣುವಷ್ಟು.

ಬೆಲ್ಜಿಯಂ ಎಂಬ ಮಾತು ಸುಳ್ಳಿನಿಂದ ಹುಟ್ಟಿದ್ದಲ್ಲ. 19ನೇ ಶತಮಾನದಲ್ಲಿ ಆ ಪುಟ್ಟ ದೇಶ ಕಿಟಕಿ ಗಾಜು ಮತ್ತು ಕನ್ನಡಿ ಗಾಜನ್ನು ಜಗತ್ತಿಗೆಲ್ಲ ಮಾರುತ್ತಿತ್ತು. ಅಲ್ಲಿನ ಶಾರ್ಲರ್ವಾ ಸುತ್ತಮುತ್ತ ಕಲ್ಲಿದ್ದಲು ಇತ್ತು, ಕುಲುಮೆಗಳು ಅದರ ಪಕ್ಕದಲ್ಲೇ ಎದ್ದವು. ನಮ್ಮ ಕಡೆಯ ದೊಡ್ಡ ನಿಲುಗನ್ನಡಿಗಳಲ್ಲಿ ಬೆಲ್ಜಿಯಂನದು ಇರುವ ಸಾಧ್ಯತೆ ನಿಜಕ್ಕೂ ಹೆಚ್ಚು. ಆದರೆ ಕನ್ನಡಿಗೆ ಅಂಟಿದ ಹೆಸರು ದೀಪಕ್ಕೆ, ದೀಪದಿಂದ ಹೂದಾನಿಗೆ, ಹೂದಾನಿಯಿಂದ ಲೋಟಕ್ಕೆ ಹರಿಯಿತು. ಕೊನೆಗೆ ಬೆಲ್ಜಿಯಂ ಅಂದರೆ ‘ಹಳೆಯದು, ಒಳ್ಳೆಯದು, ಮುಟ್ಟಬೇಡ’ ಎಂದಷ್ಟೇ ಅರ್ಥ ಉಳಿಯಿತು.

ಈ ಪದಕ್ಕೆ ಬೆಲೆಯೂ ಉಂಟು ಎನ್ನುವುದು ಕಾಪು ಹತ್ತಿರದ ಒಂದು ಮನೆಯಲ್ಲಿ ಸರಿಯಾಗಿ ಗೊತ್ತಾಯಿತು. ಪಾಲಾಗಿ ಮನೆ ಕೆಡವುವುದೆಂದು ತೀರ್ಮಾನವಾಗಿತ್ತು. ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರು ಅದಾಗಲೇ ಬಂದು ಪಟ್ಟಿ ಮಾಡಿ ಹೋಗಿದ್ದರು: ಕನ್ನಡಿ ಮತ್ತು ತೂಗುದೀಪ ‘ಬೆಲ್ಜಿಯಂ’, ಅವಕ್ಕೊಂದು ರೇಟು; ಹನ್ನೊಂದು ಲೋಟಗಳು ‘ಕುಪ್ಪಿ’, ಅವು ಗುಜರಿಯ ತೂಕಕ್ಕೆ. ಮನೆಯ ಹಿರಿಯ ಅಮ್ಮ ನನ್ನನ್ನು ಕರೆಸಿದ್ದು ಒಮ್ಮೆ ನೋಡಿ ಹೇಳಲಿ ಎಂದು.

ನೋಡುವುದೆಂದರೆ ಮೊದಲು ಬೆರಳಿನಿಂದ. ಲೋಟದ ಹೊರಮೈ ಮೇಲೆ ನಿಧಾನಕ್ಕೆ ಉಗುರು ಎಳೆದರೆ ಮೇಲಿನಿಂದ ಕೆಳಕ್ಕೆ ಸಣ್ಣ ಗೀರಿನಂಥ ಏಣು ಸಿಗುತ್ತದೆ. ಅದು ಅಚ್ಚಿನ ಎರಡು ಹೋಳು ಸೇರಿದ ಜಾಗ. ಕಾದ ಗಾಜನ್ನು ಕಬ್ಬಿಣದ ಅಚ್ಚಿಗೆ ಹಾಕಿ ಮೇಲಿನಿಂದ ಒತ್ತುವ ಈ ವಿಧಾನ 1820ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆದದ್ದು. ಶ್ರೀಮಂತರ ಕೆತ್ತನೆಯ ಗಾಜಿನಂತೆ ಕಾಣುವ ವಸ್ತುವನ್ನು ಅದು ಸಾಮಾನ್ಯರ ಕೈಗೆ ತಂದಿತು. ಚಕ್ರಕ್ಕೆ ಹಿಡಿದು ಕೊರೆದ ಗಾಜಿನ ವಿನ್ಯಾಸದ ಅಂಚು ಚೂಪಾಗಿರುತ್ತದೆ, ಅಚ್ಚಿನದು ಬೆಣ್ಣೆಯಂತೆ ಮೊಂಡು. ಊದಿ ಮಾಡಿದ್ದಾದರೆ ತಳದ ನಡುವೆ, ಕಬ್ಬಿಣದ ಕೋಲಿನಿಂದ ಮುರಿದು ಬಿಡಿಸಿದ ಒರಟು ಕಲೆ ಅಥವಾ ಅದನ್ನು ಉಜ್ಜಿ ತೆಗೆದ ಗುಳಿ ಇರಬಹುದು. ಸೀಸ ಬೆರೆತ ಗಾಜು ಭಾರ, ಬೆರಳಿನಿಂದ ಮೀಟಿದರೆ ಗಂಟೆಯಂತೆ ನಾದ ಉಳಿಸುತ್ತದೆ. ಬರೇ ಗುಳ್ಳೆ ಕಂಡ ಕೂಡಲೇ ನೂರೈವತ್ತು ವರ್ಷ ಹಳೆಯದು ಅನ್ನುವವರನ್ನು ಮಾತ್ರ ನಂಬಬಾರದು. ಗುಳ್ಳೆ ಕೆಟ್ಟ ಕುಲುಮೆಯ ಗುರುತು, ವಯಸ್ಸಿನದ್ದಲ್ಲ.

ಆಮೇಲೆ ಗುರುತುಗಳು. ಇಂಗ್ಲೆಂಡಿನ ಗಾಜಿನ ಮೇಲೆ 1842ರಿಂದ 1883ರವರೆಗೆ ವಿನ್ಯಾಸ ನೋಂದಣಿಯ ವಜ್ರಾಕೃತಿ ಇರುತ್ತಿತ್ತು. ಗಾಜು ಮೂರನೆಯ ವರ್ಗ. ವಜ್ರದ ತುದಿಯ ವೃತ್ತದಲ್ಲಿ ರೋಮನ್ ಅಂಕಿ ಮೂರು ಕಾಣುತ್ತದೆ. 1884ರಿಂದ ವಜ್ರ ಹೋಗಿ, ಒಂದರಿಂದ ಶುರುವಾದ ಸರಣಿ ಸಂಖ್ಯೆ ಬಂತು. ಈ ಸಂಖ್ಯೆ ಹೇಳುವುದು ವಿನ್ಯಾಸ ನೋಂದಣಿಯಾದ ಕಾಲವನ್ನೇ ಹೊರತು ಕೈಯಲ್ಲಿರುವ ಲೋಟ ಹುಟ್ಟಿದ ಕಾಲವನ್ನಲ್ಲ. ಗೇಟ್ಸ್‌ಹೆಡ್‌ನ ಸೋವರ್ಬಿ ಕಂಪನಿ ನವಿಲಿನ ತಲೆಯನ್ನು ಒತ್ತುತ್ತಿತ್ತು. ‘ಮೇಡ್ ಇನ್ ಚೆಕೊಸ್ಲೊವಾಕಿಯಾ’ ಎಂದಿದ್ದರೆ ಅದು 1918ಕ್ಕೂ ಹಿಂದಿನದಾಗಲು ಸಾಧ್ಯವೇ ಇಲ್ಲ, ಏಕೆಂದರೆ ಅದಕ್ಕೆ ಮೊದಲು ಆ ಹೆಸರಿನ ದೇಶವೇ ಇರಲಿಲ್ಲ.

ಕಾಪುವಿನ ತೂಗುದೀಪದಲ್ಲಿ ಬತ್ತಿ ಏರಿಸಿ ಇಳಿಸುವ ತಿರುಪಿನ ಹಿತ್ತಾಳೆ ಬಿಲ್ಲೆಯನ್ನು ಹುಣಸೆಹುಳಿಯಿಂದ ತಿಕ್ಕಿದೆವು. ‘ಹಿಂಕ್ಸ್’ ಎಂಬ ಹೆಸರು ಎದ್ದಿತು. ಬರ್ಮಿಂಗ್‌ಹ್ಯಾಮ್‌ನ ಈ ಕಂಪನಿ 1865ರಲ್ಲಿ ಜೋಡಿ ಬತ್ತಿಯ ಚಿಮಣಿ ಎಣ್ಣೆಯ ದೀಪಕ್ಕೆ ಪೇಟೆಂಟ್ ಪಡೆದಿತ್ತು. ದೀಪದ ಗಾಜು ಯಾರದೆಂದು ಇದರಿಂದ ಹೇಳಲಾಗದು. ಚಿಮಣಿ, ಗುಳೋಪು ಒಡೆದಾಗಲೆಲ್ಲ ಪೇಟೆಯಲ್ಲಿ ಸಿಕ್ಕಿದ್ದನ್ನು ತಂದು ಹಾಕುತ್ತಿದ್ದರು. ಒಂದೇ ದೀಪಕ್ಕೆ ಎರಡು ಮೂರು ದೇಶ ಇರಬಹುದು. ಬರ್ಮಿಂಗ್‌ಹ್ಯಾಮ್‌ನದೇ ಇನ್ನೊಂದು ಕಂಪನಿ ಎಫ್. ಆಂಡ್ ಸಿ. ಆಸ್ಲರ್, 1851ರ ಲಂಡನ್ ಮಹಾಪ್ರದರ್ಶನಕ್ಕೆ ಗಾಜಿನ ಕಾರಂಜಿ ಕಟ್ಟಿದವರು, ಕಲ್ಕತ್ತೆಯಲ್ಲಿ ಅಂಗಡಿಯನ್ನೇ ಇಟ್ಟು ನಮ್ಮ ರಾಜರಿಗೆ ಗೊಂಚಲು ದೀಪ ಮಾರಿದರು. ಅರಮನೆಗಳ ಎಷ್ಟು ಆಸ್ಲರ್ ದೀಪಗಳು ಇವತ್ತು ಮಾರ್ಗದರ್ಶಿಗಳ ಬಾಯಲ್ಲಿ ಬೆಲ್ಜಿಯಂ ಆಗಿವೆಯೋ!

ಇನ್ನು ಲೋಟಗಳು. ತೆಳು ಜೇನುಬಣ್ಣ, ಮೇಲೆ ನೀರಿನ ಮೇಲೆ ಎಣ್ಣೆ ಹರಡಿದಂಥ ಕಾಮನಬಿಲ್ಲು. ಗಾಜು ಇನ್ನೂ ಕಾದಿರುವಾಗಲೇ ಲೋಹದ ಲವಣದ ದ್ರಾವಣ ಸಿಂಪಡಿಸಿ ಈ ಹೊಳಪು ತರಿಸುತ್ತಾರೆ. ಅಮೆರಿಕದ ಫೆಂಟನ್ ಕಂಪನಿ 20ನೇ ಶತಮಾನದ ಮೊದಲ ದಶಕದಲ್ಲಿ ಇದನ್ನು ಜನಪ್ರಿಯಗೊಳಿಸಿತು. ಸಂಗ್ರಾಹಕರು ಕಾರ್ನಿವಲ್ ಗ್ಲಾಸ್ ಅನ್ನುತ್ತಾರೆ. ಒಂದು ಲೋಟದ ತಳದಲ್ಲಿ ಇಂಗ್ಲಿಷಿನ ನಾಲ್ಕು ಅಕ್ಷರ ಇದ್ದವು: ಜೈನ್. ಉತ್ತರ ಪ್ರದೇಶದ ಫಿರೋಜಾಬಾದಿನ ಜೈನ್ ಗ್ಲಾಸ್ ವರ್ಕ್ಸ್. ವ್ಯಾಪಾರಿ ಗುಜರಿಗೆ ಹಾಕಿದ್ದ ಆ ಹನ್ನೊಂದೇ ಆ ಮನೆಯಲ್ಲಿ ಅತ್ಯಂತ ಅಪರೂಪದವು. “ಹಾಗಾದ್ರೆ ಬೆಲ್ಜಿಯಂ ಅಲ್ವಾ?” ಎಂದು ಅಮ್ಮ ಕೇಳಿದ ಧ್ವನಿಯಲ್ಲಿ ಸ್ವಲ್ಪ ನಿರಾಸೆ ಇತ್ತು. ಆದರೂ ಲೋಟಗಳನ್ನು ಪಟ್ಟಿಯಿಂದ ತೆಗೆಸಿದರು.

ಆ ನಿರಾಸೆ ನನ್ನನ್ನು ಕಾಡುತ್ತದೆ, ಏಕೆಂದರೆ ಈ ದೇಶದಲ್ಲಿ ಗಾಜು ಮಾಡಿದ್ದು ಸುಲಭದ ಕೆಲಸವಾಗಿರಲಿಲ್ಲ. ಮೊದಲ ಮಹಾಯುದ್ಧದವರೆಗೆ ಬಳೆ, ಮಣಿಗಳು ಆಸ್ಟ್ರಿಯಾ–ಹಂಗೆರಿಯ ಬೊಹೀಮಿಯಾದಿಂದ ಬರುತ್ತಿದ್ದವು. ಯುದ್ಧದಿಂದ ಆ ದಾರಿ ಮುಚ್ಚಿದಾಗ ಜಪಾನ್ ನುಗ್ಗಿತು. ಅದಕ್ಕೂ ಮೊದಲೇ ಸ್ವದೇಶಿ ಚಳವಳಿಯ ಬಿಸಿಯಲ್ಲಿ, ಅಂತಾಜಿ ದಾಮೋದರ ಕಾಳೆ ಜನರಿಂದ ಒಂದೊಂದು ಪೈಸೆ ಎತ್ತಿ ಕೂಡಿಸಿದ ‘ಪೈಸಾ ಫಂಡ್’ ಹಣದಿಂದ 1908ರಲ್ಲಿ ಪುಣೆ ಬಳಿಯ ತಳೇಗಾಂವ್‌ನಲ್ಲಿ ಗಾಜಿನ ಕಾರ್ಖಾನೆ ಎದ್ದಿತ್ತು. 1916ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಓಗಲೆ ಗ್ಲಾಸ್ ವರ್ಕ್ಸ್ ಬಂತು. ಅವರ ‘ಪ್ರಭಾಕರ’ ಲಾಟೀನು ಪ್ರಸಿದ್ಧವಾಯಿತು. ಇಷ್ಟು ಚರಿತ್ರೆಯನ್ನು ಬೆಲ್ಜಿಯಂ ಎಂಬ ಮೂರಕ್ಷರದ ಕೆಳಗೆ ಹೂತಿಟ್ಟಿದ್ದೇವೆ.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪದ ಪಾರಂಪರಿಕ ಗ್ರಾಮಕ್ಕೆ ಹೋದಾಗಲೆಲ್ಲ ಇನ್ನೊಂದು ವಿಷಯ ಹೊಳೆಯುತ್ತದೆ. ಬಿಚ್ಚಿ ತಂದು ಮತ್ತೆ ನಿಲ್ಲಿಸಿದ ಮನೆಗಳಿಗೆ ಅಲ್ಲಿ ಊರಿನ ಹೆಸರು ಉಳಿದಿದೆ: ಮಿಯಾರು, ಹರ್ಕೂರು, ಹುಮನಾಬಾದ್. ಮನೆಯೊಂದಿಗೆ ಊರು ಬಂತು. ಗುಜರಿಗೋ ನಗರದ ಅಂಗಡಿಗೋ ಹೋಗುವ ಲೋಟದೊಂದಿಗೆ ಬರುವುದಿಲ್ಲ. ಹಾಗಾಗಿ ನನ್ನ ಪುಸ್ತಕದಲ್ಲಿ ಏಣು ಎಷ್ಟು, ಎತ್ತರ ಎಷ್ಟು, ತಳದ ನಕ್ಷತ್ರಕ್ಕೆ ಎಷ್ಟು ಮೂಲೆ ಎನ್ನುವುದರ ಪಕ್ಕದಲ್ಲೇ ಯಾವ ಮನೆ, ಯಾವ ಕಪಾಟು, ಅದರಲ್ಲಿ ಏನು ಕುಡಿಯುತ್ತಿದ್ದರು ಎಂದೂ ಬರೆಯುತ್ತೇನೆ.

ಕಾಪುವಿನ ಲೋಟಗಳ ಜೋಡಿ ಕಳೆದ ಮಳೆಗಾಲ ಕಾರ್ಕಳದ ಜೈನ ಮನೆಯೊಂದರಲ್ಲಿ ಸಿಕ್ಕಿತು. ಅಲ್ಲಿ ಅದಕ್ಕೆ ಬೇರೆಯೇ ಕತೆ. ತಳದಲ್ಲಿ ಜೈನ್ ಎಂದಿರುವುದರಿಂದ ಬಸದಿಯವರಿಗೆಂದೇ ಮಾಡಿಸಿದ್ದು ಎಂದು ಮನೆಯ ಯಜಮಾನರು ನಂಬಿದ್ದರು. ಅದು ಕಾರ್ಖಾನೆಯ ಹೆಸರು ಎಂದೆ. ಆ ಕಾರ್ಖಾನೆಯ ಸೇಠ್ ಛದಾಮಿಲಾಲ್ ಜೈನ್ ಫಿರೋಜಾಬಾದಿನಲ್ಲಿ ದೊಡ್ಡದೊಂದು ಜಿನಾಲಯ ಕಟ್ಟಿಸಿದ್ದನ್ನೂ, ಅಲ್ಲಿ ಎತ್ತರದ ಬಾಹುಬಲಿ ನಿಂತಿರುವುದನ್ನೂ ಹೇಳಿದೆ. ಅವರು ಲೋಟವನ್ನು ಮತ್ತೊಮ್ಮೆ ತಿರುಗಿಸಿ ನೋಡಿದರು.

“ಅಲ್ಲಿಯೂ ಉಂಟಾ?” ಎಂದರು. ಆಮೇಲೆ, ಲೋಟ ಒಳಗಿಡುತ್ತ, “ನಮ್ಮದು 1432ರದ್ದು.”