ಜೇಬಿನಲ್ಲಿ ಇಪ್ಪತ್ತೇಳು ಸೆಂಟು



ಕಳೆದ ವಾರ ರಾತ್ರಿ ಊಟ ಮುಗಿಸಿ ಕುಳಿತಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಕರೆ ಬಂದಿತು. ಈಗ ಅವನಿಗೆ ಇಪ್ಪತ್ತೆಂಟು ವರ್ಷ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ. ಗಂಡ ಹೆಂಡತಿ ಇಬ್ಬರೂ ಆಸ್ಟ್ರೇಲಿಯಾಕ್ಕೆ ಹೋಗಿ, ಒಂದು ವರ್ಷ ಅಲ್ಲಲ್ಲಿ ದುಡಿಯುತ್ತಾ ಬೆನ್ನುಚೀಲ ಹೊತ್ತು ದೇಶ ನೋಡಿ ಬರಬೇಕೆಂದು ಬಯಸಿದ್ದರು. ಅದಕ್ಕೊಂದು ವೀಸಾ ಇದೆ. ಅದನ್ನು ಚೀಟಿ ಎತ್ತಿ ಕೊಡುತ್ತಾರೆ. “ಸರ್, ನನ್ನ ಹೆಸರು ಬಂದಿದೆ, ಅವಳದ್ದು ಬಂದಿಲ್ಲ. ಅರ್ಜಿ ಹಾಕಲು ಕೆಲವೇ ದಿನ ಉಳಿದಿವೆ. ಏನು ಮಾಡಲಿ?” ಎಂದು ಕೇಳಿದ. ನಾನು ಉತ್ತರ ಹುಡುಕುತ್ತಿರುವಾಗಲೇ, “ಆ ಲೋನ್ಲಿ ಪ್ಲಾನೆಟ್ ಪುಸ್ತಕದ ದಂಪತಿಗಳು ಇಪ್ಪತ್ತೇಳು ಸೆಂಟು ಇಟ್ಟುಕೊಂಡು ಸಿಡ್ನಿಗೆ ಹೋಗಿ ಬದುಕಲಿಲ್ಲವೇ ಸರ್? ನಮಗೆ ಮಾತ್ರ ಯಾಕೆ ಇಷ್ಟೊಂದು ಕಾಗದಪತ್ರ?” ಎಂದೂ ಕೇಳಿಬಿಟ್ಟ.

ಇತಿಹಾಸದ ಮೇಷ್ಟ್ರಿಗೆ ಇಂತಹ ಪ್ರಶ್ನೆ ಹಾಕಬಾರದು. ಹಾಕಿದರೆ ಉತ್ತರ ಒಂದು ಪೀರಿಯಡ್ಡಿನಲ್ಲಿ ಮುಗಿಯುವುದಿಲ್ಲವೆಂಬುದು ನಿಮಗೆಲ್ಲ ತಿಳಿದದ್ದೇ. ಅವನಿಗೆ ಹೇಳಬೇಕೆಂದುಕೊಂಡದ್ದನ್ನು ಇಲ್ಲಿ ಎಲ್ಲರಿಗಾಗಿ ಬರೆಯುತ್ತಿದ್ದೇನೆ.

ಟೋನಿ ವೀಲರ್ ಇಂಗ್ಲೆಂಡಿನವರು, 1946ರಲ್ಲಿ ಜನಿಸಿದವರು. ಎಂಜಿನಿಯರಿಂಗ್ ಓದಿ, ಕಾರು ತಯಾರಿಸುವ ಕಂಪನಿಯಲ್ಲಿ ಕೆಲಸ ಮಾಡಿ, ಬಳಿಕ ಲಂಡನ್ ಬಿಸಿನೆಸ್ ಸ್ಕೂಲಿಗೆ ಸೇರಿದರು. ಮೌರೀನ್ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದವರು. ದುಡಿಮೆಗಾಗಿ ಲಂಡನ್ನಿಗೆ ಬಂದಿದ್ದ ಇಪ್ಪತ್ತರ ತರುಣಿ. 1970ರಲ್ಲಿ ರೀಜೆಂಟ್ಸ್ ಪಾರ್ಕಿನ ಒಂದು ಬೆಂಚಿನ ಮೇಲೆ ಇಬ್ಬರಿಗೂ ಪರಿಚಯವಾಯಿತು. 1971ರಲ್ಲಿ ಮದುವೆಯಾದರು. ಟೋನಿಯವರಿಗೆ ಫೋರ್ಡ್ ಕಂಪನಿಯಲ್ಲಿ ನೌಕರಿ ಸಿದ್ಧವಿತ್ತು. ಒಂದು ವರ್ಷ ತಡೆದು ಸೇರುವುದಾಗಿ ಹೇಳಿ, ಸಂಸಾರಕ್ಕೆ ಕಾಲೂರುವ ಮುನ್ನ ತಿರುಗಾಟದ ಹುಚ್ಚನ್ನು ತೀರಿಸಿಕೊಂಡು ಬಿಡೋಣವೆಂದು ಇಬ್ಬರೂ 1972ರ ಬೇಸಿಗೆಯಲ್ಲಿ ಹೊರಟರು. ವಾಹನ, 65 ಪೌಂಡಿಗೆ ಕೊಂಡ ಒಂದು ಹಳೆಯ ಮಿನಿ ವ್ಯಾನ್.

ಆಗ ಯೂರೋಪಿನಿಂದ ಏಷ್ಯಾಕ್ಕೆ ನೆಲದ ಮೇಲೆಯೇ ಬರಬಹುದಾಗಿದ್ದ ದಾರಿಯೊಂದಿತ್ತು. ಇಸ್ತಾಂಬುಲ್, ತೆಹರಾನ್, ಹೆರಾತ್, ಕಂದಹಾರ್, ಕಾಬೂಲ್, ಖೈಬರ್ ಕಣಿವೆ, ಪೇಶಾವರ, ಲಾಹೋರ್, ದೆಹಲಿ, ಕೊನೆಗೆ ಕಠ್ಮಂಡು. ಜನ ಇದನ್ನು ಹಿಪ್ಪಿಗಳ ಹಾದಿ ಎಂದು ಕರೆದರು. ಗ್ರೀಕರು, ಘಜ್ನಿಯ ಮಹಮೂದ, ಬಾಬರ್ ಮುಂತಾದವರು ಸೇನೆಗಳನ್ನು ನಡೆಸಿದ ಸೀಮೆಯಲ್ಲಿ ಉದ್ದಕೂದಲಿನ ತರುಣ ತರುಣಿಯರು ಮುರುಕು ಬಸ್ಸುಗಳಲ್ಲಿ ಬಂದರೆಂಬುದು ಚರಿತ್ರೆಯ ಒಂದು ವಿನೋದ. ಈ ಹಾದಿ ಬಹಳ ಕಾಲ ಬಾಳಲಿಲ್ಲ. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಸೋವಿಯತ್ ಸೇನೆ ಆಫ್ಘಾನಿಸ್ತಾನವನ್ನು ಹೊಕ್ಕಿತು. ಹಾದಿ ಮುಚ್ಚಿತು.

ವೀಲರ್ ದಂಪತಿಗಳು ಕಾಬೂಲಿನವರೆಗೆ ವ್ಯಾನಿನಲ್ಲಿ ಬಂದು, ಅಲ್ಲಿ ಅದನ್ನು ಕೊಂಡ ಬೆಲೆಗಿಂತ ತುಸು ಲಾಭಕ್ಕೇ ಮಾರಿದರು! ಅಲ್ಲಿಂದ ಬಸ್ಸು, ರೈಲು, ಸಿಕ್ಕಿದ ವಾಹನ. ಪಾಕಿಸ್ತಾನ, ಭಾರತ, ನೇಪಾಳಗಳನ್ನು ಕಂಡು ಥಾಯ್ಲೆಂಡ್, ಮಲೇಷ್ಯಾ, ಇಂಡೊನೇಷ್ಯಾಗಳ ಮೂಲಕ ಬಾಲಿ ದ್ವೀಪವನ್ನು ಸೇರಿದರು. ಅಲ್ಲಿ ಒಂದು ಹಾಯಿದೋಣಿಯಲ್ಲಿ ಕೈಯಾಳುಗಳಾಗಿ ಸೇರಿಕೊಂಡು, ಆಸ್ಟ್ರೇಲಿಯಾದ ವಾಯವ್ಯ ಮೂಲೆಯಲ್ಲಿರುವ ಎಕ್ಸ್‌ಮೌತ್ ಎಂಬ ಸಣ್ಣ ಊರಿನಲ್ಲಿ ದಡ ಮುಟ್ಟಿದರು. ಅಲ್ಲಿಂದ ಸಿಡ್ನಿಗೆ ರಸ್ತೆಯಲ್ಲಿ ಸುಮಾರು 5,000 ಕಿಲೋಮೀಟರು. ಕನ್ಯಾಕುಮಾರಿಯಿಂದ ಕಾಶ್ಮೀರಕ್ಕೆ ಹೋಗುವ ದೂರಕ್ಕಿಂತ ಹೆಚ್ಚು. ದಾರಿಯಲ್ಲಿ ಕೈ ಅಡ್ಡಹಿಡಿದು, ಕಂಡವರ ವಾಹನ ಹತ್ತಿ, 1972ರ ಡಿಸೆಂಬರ್ 26ರಂದು, ಕ್ರಿಸ್‌ಮಸ್ಸಿನ ಮರುದಿನ, ಸಿಡ್ನಿಯನ್ನು ತಲುಪಿದಾಗ ಇಬ್ಬರ ಬಳಿಯೂ ಸೇರಿ ಉಳಿದದ್ದು 27 ಸೆಂಟು. ಆಗಿನ ಲೆಕ್ಕದಲ್ಲಿ ನಮ್ಮ ಎರಡೂವರೆ ರೂಪಾಯಿಯ ಆಸುಪಾಸು.

ಟೋನಿಯವರ ಕ್ಯಾಮೆರಾ ಗಿರವಿ ಅಂಗಡಿಗೆ ಹೋಯಿತು. ಇಬ್ಬರೂ ಕೆಲಸ ಹಿಡಿದರು. ಮೂರು ತಿಂಗಳು ದುಡಿದು ವಿಮಾನದ ದರ ಕೂಡಿಸಿ ಲಂಡನ್ನಿಗೆ ಮರಳುವುದು ಅವರ ಎಣಿಕೆಯಾಗಿತ್ತು. ಆದರೆ ಕಂಡಕಂಡವರೆಲ್ಲ, “ನೀವು ಹೇಗೆ ಬಂದಿರಿ? ಎಷ್ಟು ಖರ್ಚಾಯಿತು? ಎಲ್ಲಿ ಉಳಿದಿರಿ?” ಎಂದು ಕೇಳತೊಡಗಿದರು. ಬಾಯಲ್ಲಿ ಹೇಳಿ ಸಾಕಾಗಿ ಬರೆದು ಕೊಡಲು ಆರಂಭಿಸಿದರು. ಅದೇ ಬೆಳೆದು ‘ಅಕ್ರಾಸ್ ಏಷ್ಯಾ ಆನ್ ದ ಚೀಪ್’ ಎಂಬ ನೂರು ಪುಟಕ್ಕೂ ಕಡಿಮೆಯ ಪುಸ್ತಕವಾಯಿತು. ಅಡುಗೆಮನೆಯ ಮೇಜಿನ ಮೇಲೆ ಹಾಳೆಗಳನ್ನು ಜೋಡಿಸಿ, ಕೈಯಿಂದಲೇ ಪಿನ್ನು ಹೊಡೆದು, 1973ರಲ್ಲಿ ತಾವೇ ಪ್ರಕಟಿಸಿದರು. ಅಚ್ಚಾದ 1,500 ಪ್ರತಿಗಳು ಒಂದೇ ವಾರದಲ್ಲಿ ಖರ್ಚಾದವು. ಹಾಡೊಂದರಲ್ಲಿ ಕೇಳಿದ ಮಾತನ್ನು ಟೋನಿ ತಪ್ಪಾಗಿ ನೆನಪಿಟ್ಟುಕೊಂಡದ್ದರಿಂದ ಪ್ರಕಾಶನಕ್ಕೆ ‘ಲೋನ್ಲಿ ಪ್ಲಾನೆಟ್’ ಎಂಬ ಹೆಸರಾಯಿತು. 1975ರಲ್ಲಿ ಆಗ್ನೇಯ ಏಷ್ಯಾದ ಕೈಪಿಡಿ, 1981ರಲ್ಲಿ ಭಾರತದ ದಪ್ಪ ಕೈಪಿಡಿ ಬಂದವು. 2007ರಲ್ಲಿ ಬಿಬಿಸಿಯ ವಾಣಿಜ್ಯ ಸಂಸ್ಥೆಯು ಕಂಪನಿಯ ನಾಲ್ಕರಲ್ಲಿ ಮೂರು ಪಾಲನ್ನು ಕೊಂಡಿತು. ಮುಂದಿನದು ವ್ಯಾಪಾರದ ಕಥೆ, ನಮಗೆ ಬೇಡ.

ಆ ಭಾರತದ ಕೈಪಿಡಿಯನ್ನು ನಾನು ಮೊದಲು ನೋಡಿದ್ದು ಅಂಗಡಿಯಲ್ಲಲ್ಲ. ಎಂಬತ್ತರ ದಶಕದ ನಡುವೆ, ಗೋಕರ್ಣದ ಸಮೀಪದ ಶಾಲೆಯಲ್ಲಿ ನನಗೆ ಮೊದಲ ನೌಕರಿ. ಒಂದು ಭಾನುವಾರ ಖಾನಾವಳಿಯಲ್ಲಿ ಎದುರು ಮೇಜಿಗೆ ವಿದೇಶಿ ದಂಪತಿಗಳು ಬಂದು ಕುಳಿತರು. ಮೇಜಿನ ಮೇಲೆ ದಿಂಬಿನಂತಹ ಪುಸ್ತಕ. ಊಟದ ದರ ಕೇಳಿದರು, ಚಹದ ದರ ಕೇಳಿದರು, ಅಂಕೋಲಕ್ಕೆ ಬಸ್ಸಿನ ದರ ಕೇಳಿದರು. ಆ ಹೆಣ್ಣುಮಗಳು ಎಲ್ಲವನ್ನೂ ಸಣ್ಣ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಳು. ನಾನು ಪಕ್ಕದವರ ಕಡೆ ತಿರುಗಿ, “ವಿಮಾನದಲ್ಲಿ ಬಂದವರಿಗೆ ನಾಲ್ಕಾಣೆಯ ಲೆಕ್ಕ ನೋಡಿ” ಎಂದು ಕನ್ನಡದಲ್ಲಿ ನಕ್ಕೆ. ಆಕೆ ತಲೆಯೆತ್ತಿ ನನ್ನನ್ನು ನೋಡಿದಳು. ಭಾಷೆ ತಿಳಿಯದಿದ್ದರೂ ನಗು ತಿಳಿದಿತ್ತು. ಆ ನೋಟ ಇಂದಿಗೂ ಮರೆತಿಲ್ಲ. ಲೆಕ್ಕ ಬರೆಯುವವರೇ ದೂರ ಹೋಗಬಲ್ಲರೆಂಬುದು ನನಗೆ ಅರ್ಥವಾಗಲು ಹಲವು ವರ್ಷ ಬೇಕಾದವು.

ಈಗ ಶಿಷ್ಯನ ಪ್ರಶ್ನೆಗೆ ಬರುತ್ತೇನೆ. ಅವರಿಗೆ ಬೇಕಾಗದಿದ್ದ ಕಾಗದಪತ್ರ ನಮಗೆ ಮಾತ್ರ ಯಾಕೆ?

ವೀಲರ್ ದಂಪತಿಗಳ ಧೈರ್ಯ ನಿಜವಾದದ್ದು, ಅದರಲ್ಲಿ ಸಂದೇಹವಿಲ್ಲ. ಆದರೆ 27 ಸೆಂಟಿನ ಜೊತೆಗೆ ಅವರ ಬಳಿ ಇನ್ನೊಂದು ವಸ್ತುವಿತ್ತು: ಬ್ರಿಟಿಷ್ ಪಾಸ್‌ಪೋರ್ಟ್. ಆ ಕಾಲದಲ್ಲಿ ಬ್ರಿಟಿಷ್ ಪ್ರಜೆಗಳಿಗೆ ಆಸ್ಟ್ರೇಲಿಯಾವನ್ನು ಪ್ರವೇಶಿಸಲು ವೀಸಾ ಬೇಕಿರಲಿಲ್ಲ. ಇಳಿದ ಮೇಲೆ ಕೆಲಸ ಹುಡುಕಲು ಅಡ್ಡಿಯೂ ಇರಲಿಲ್ಲ. ಅಷ್ಟೇ ಅಲ್ಲ, ಎರಡನೆಯ ಮಹಾಯುದ್ಧದ ನಂತರ ಅಲ್ಲಿನ ಸರ್ಕಾರವೇ ಹಡಗಿನ ದರದ ಬಹುಪಾಲನ್ನು ಭರಿಸಿ, ಕೇವಲ 10 ಪೌಂಡಿಗೆ ಬ್ರಿಟಿಷರನ್ನು ಕರೆಸಿಕೊಳ್ಳುತ್ತಿತ್ತು.

ಬಾಗಿಲಿನ ಇನ್ನೊಂದು ಮಗ್ಗುಲನ್ನು ನೋಡಿ. 1901ರಲ್ಲಿ ಆಸ್ಟ್ರೇಲಿಯಾ ಒಂದು ಒಕ್ಕೂಟವಾದ ವರ್ಷವೇ ವಲಸೆ ನಿರ್ಬಂಧದ ಕಾನೂನು ಜಾರಿಗೆ ಬಂದಿತು. ಬೇಡವೆನಿಸಿದವನಿಗೆ ಅಧಿಕಾರಿಯು ಯೂರೋಪಿನ ಯಾವುದೋ ಭಾಷೆಯಲ್ಲಿ ಐವತ್ತು ಪದಗಳ ಉಕ್ತಲೇಖನ ಕೊಡಬಹುದಿತ್ತು! ತಪ್ಪಿದರೆ ಹೊರಗೆ. ನಾನು ನಿಮಗೆ ಕೊಟ್ಟ ಉಕ್ತಲೇಖನಗಳು ಕಠಿಣವೆಂದು ದೂರುತ್ತಿದ್ದವರು ಇದನ್ನು ಗಮನಿಸಬೇಕು. 1958ರವರೆಗೆ ಆ ಪರೀಕ್ಷೆಯಿತ್ತು. 1966ರಲ್ಲಿ ವಿದ್ಯಾವಂತ ಏಷ್ಯನ್ನರಿಗೆ ಬಾಗಿಲು ತುಸು ತೆರೆಯಿತು. ವೀಲರ್ ದಂಪತಿಗಳು ಸಿಡ್ನಿ ಮುಟ್ಟುವ ಮೂರು ವಾರ ಮುಂಚೆಯಷ್ಟೇ, ಅದೇ ಡಿಸೆಂಬರಿನಲ್ಲಿ, ಗಾಫ್ ವಿಟ್ಲಮ್ ಪ್ರಧಾನಿಯಾಗಿದ್ದರು. ಅವರ ಸರ್ಕಾರ 1973ರಲ್ಲಿ ವರ್ಣಭೇದದ ಈ ನೀತಿಯ ಉಳಿಕೆಗಳನ್ನು ಕಿತ್ತುಹಾಕಿತು. ಅಂದರೆ ಅದೇ ದಿನ, ಅಷ್ಟೇ ಹಣದೊಡನೆ, ನಮ್ಮ ಕಡೆಯ ಗಂಡಹೆಂಡಿರಿಬ್ಬರು ಎಕ್ಸ್‌ಮೌತಿನಲ್ಲಿ ದೋಣಿಯಿಂದ ಇಳಿದಿದ್ದರೆ ಪುಸ್ತಕ ಬರೆಯುವ ಅವಕಾಶ ಅವರಿಗೆ ಒದಗುತ್ತಿರಲಿಲ್ಲ.

ನಮ್ಮ ದೇಶದ ಬಾಗಿಲೂ ಬಿಗಿಯಾಗಿಯೇ ಇತ್ತು. ಪಾಸ್‌ಪೋರ್ಟ್ ಕೊಡುವುದೂ ಬಿಡುವುದೂ ಸರ್ಕಾರದ ಇಚ್ಛೆಯಾಗಿತ್ತು. 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ವಿದೇಶ ಪ್ರಯಾಣವೂ ಸಂವಿಧಾನದ 21ನೆಯ ವಿಧಿಯ ವ್ಯಕ್ತಿಸ್ವಾತಂತ್ರ್ಯದೊಳಗೇ ಸೇರುತ್ತದೆಂದು ತೀರ್ಪಿತ್ತಿತು. ಅದೇ ವರ್ಷ ಪಾಸ್‌ಪೋರ್ಟ್ ಕಾಯಿದೆ ಬಂದಿತು. ವಿದೇಶಿ ವಿನಿಮಯದ ಕೊರತೆಯಂತೂ ಹೇಳತೀರದು. ನಮ್ಮ ಬಂಧುಗಳಲ್ಲೇ ಹಿರಿಯರೊಬ್ಬರು ಅರುವತ್ತರ ದಶಕದಲ್ಲಿ ಅಮೆರಿಕಕ್ಕೆ ಓದಲು ಹೋದಾಗ ಕೈಗೆ ಸಿಕ್ಕಿದ್ದು 8 ಡಾಲರ್ ಎಂದು ಮದುವೆಮನೆಗಳಲ್ಲಿ ಹೇಳುವುದನ್ನು ನೀವೂ ಕೇಳಿದ್ದೀರಿ. ಆ ಎಂಟು ಡಾಲರಿನ ಬಗ್ಗೆ ಯಾರೂ ಪ್ರವಾಸದ ಕೈಪಿಡಿ ಬರೆಯಲಿಲ್ಲ. ಅದು ಸಾಹಸವೆಂದು ಅವರಿಗೇ ಅನಿಸಿರಲಿಲ್ಲ.

1975ರಿಂದ ಬ್ರಿಟಿಷರಿಗೂ ವೀಸಾ ಕಡ್ಡಾಯವಾಯಿತು. ಅದೇ ವರ್ಷ ಬ್ರಿಟನ್, ಐರ್ಲೆಂಡ್, ಕೆನಡಾ ದೇಶಗಳ ತರುಣರಿಗಾಗಿ ‘ದುಡಿಯುತ್ತ ರಜೆ’ಯ ವೀಸಾ ಆರಂಭವಾಯಿತು. ವೀಲರ್ ದಂಪತಿಗಳು ಕಾಗದವಿಲ್ಲದೆ ಮಾಡಿದ್ದಕ್ಕೆ ಆಸ್ಟ್ರೇಲಿಯಾ ಒಂದು ಅರ್ಜಿ ನಮೂನೆ ಕೊಟ್ಟಿತೆನ್ನಬಹುದು. ಆ ನಮೂನೆ ಭಾರತೀಯರ ಕೈಗೆ ಬರಲು ಅರ್ಧ ಶತಮಾನವೇ ಬೇಕಾಯಿತು. 2022ರ ವ್ಯಾಪಾರ ಒಪ್ಪಂದದಲ್ಲಿ ವರ್ಷಕ್ಕೆ 1,000 ಭಾರತೀಯರಿಗೆ ಅವಕಾಶವೆಂದಾಯಿತು. 2024ರ ಅಕ್ಟೋಬರಿನಲ್ಲಿ ಮೊದಲ ಬಾರಿ ಹೆಸರು ನೋಂದಾಯಿಸಿಕೊಂಡಾಗ ಎರಡು ವಾರದೊಳಗೆ ಸುಮಾರು 40,000 ಮಂದಿ ಮುಂದೆ ಬಂದರು. ವಯಸ್ಸು 18ರಿಂದ 30. ಕೈಯಲ್ಲಿ ಸುಮಾರು 5,000 ಆಸ್ಟ್ರೇಲಿಯನ್ ಡಾಲರ್ ಇದೆಯೆಂದು ತೋರಿಸಬೇಕು. ಸಾಮಾನ್ಯವಾಗಿ ಒಬ್ಬ ಮಾಲೀಕನ ಬಳಿ ಆರು ತಿಂಗಳಿಗಿಂತ ಹೆಚ್ಚು ದುಡಿಯುವಂತಿಲ್ಲ. ಗಂಡನಿಗೆ ಬಂದರೆ ಹೆಂಡತಿಗೂ ಬಂತೆಂದಲ್ಲ. ಅವರವರ ಚೀಟಿ ಅವರವರದು.

ಆದ್ದರಿಂದ ಮಗೂ, 27 ಸೆಂಟಿನ ಕಥೆಯನ್ನು ಓದಿ ಸಂತೋಷಪಡು. ಅದನ್ನೇ ಅಳತೆಗೋಲು ಮಾಡಿಕೊಂಡು ನಿಮ್ಮಿಬ್ಬರನ್ನು ಹೇಡಿಗಳೆಂದು ತಿಳಿಯಬೇಡ. ಅವರ ಜೇಬು ಬರಿದಾಗಿತ್ತು ನಿಜ, ಆದರೆ ಬೆನ್ನ ಹಿಂದೆ ಪದವಿಯಿತ್ತು, ಕಾದಿದ್ದ ನೌಕರಿಯಿತ್ತು, ಎದುರಿಗೆ ತೆರೆದ ಬಾಗಿಲಿತ್ತು. ದಾರಿದ್ರ್ಯವೇ ಬೇರೆ, ಹಣ ಮುಗಿಯುವುದೇ ಬೇರೆ. ಅವರಿಂದ ಕಲಿಯಬೇಕಾದದ್ದು, ಬರಿಗೈಯಲ್ಲಿ ಹೊರಡುವುದನ್ನಲ್ಲ; ಕಂಡದ್ದನ್ನು ಬರೆದಿಟ್ಟು, ಹಿಂದೆ ಬರುವವರಿಗೆ ಲೆಕ್ಕ ಒಪ್ಪಿಸಿದ ಅವರ ಔದಾರ್ಯವನ್ನು.

ಇಷ್ಟು ಬರೆದು ಓದಿ ನೋಡಿದಾಗ ನನ್ನದೇ ಒಂದು ತಪ್ಪು ಕಣ್ಣಿಗೆ ಬಿತ್ತು. ಲೋನ್ಲಿ ಪ್ಲಾನೆಟ್ಟಿನ ಕಥೆಯನ್ನು ಹೇಳುವಾಗ ಅನೇಕರು ಟೋನಿಯವರ ಹೆಸರನ್ನೇ ಮುಂದಿಟ್ಟು, ಮೌರೀನ್ ಅವರನ್ನು ‘ಪತ್ನಿಯೊಡನೆ’ ಎಂಬ ಒಂದು ಪದದಲ್ಲಿ ಮುಗಿಸುತ್ತಾರೆ. ಅದೇ ದೋಣಿ, ಅದೇ ರಸ್ತೆ, ಅದೇ ಅಡುಗೆಮನೆಯ ಮೇಜು ಆಕೆಯದೂ ಆಗಿತ್ತು. ನಾನೂ ಆ ರಾತ್ರಿ ಅರ್ಧ ಗಂಟೆ ನಿನ್ನೊಡನೆ ಮಾತನಾಡಿದೆ. ನಿನ್ನ ಹೆಂಡತಿ ಏನೆನ್ನುತ್ತಾಳೆಂದು ಒಮ್ಮೆಯೂ ಕೇಳಲಿಲ್ಲ. ನೀನೂ ಹೇಳಲಿಲ್ಲ. ಆಕೆಗೆ ಇನ್ನೂ ಇಪ್ಪತ್ತಾರು. ಚೀಟಿಗೆ ಹೆಸರು ಕೊಡಲು ಇನ್ನೂ ಕೆಲವು ವರ್ಷಗಳಿವೆ. ನೀನು ಮೊದಲು ಹೋಗಬೇಕೇ, ಇಬ್ಬರೂ ಕಾಯಬೇಕೇ ಎಂಬುದನ್ನು ತೀರ್ಮಾನಿಸಬೇಕಾದವರು ನೀವಿಬ್ಬರು, ಈ ನಿವೃತ್ತ ಮೇಷ್ಟ್ರಲ್ಲ.

ನಾಳೆ ಸಂಜೆ ಇನ್ನೊಮ್ಮೆ ಕರೆ ಮಾಡು. ಈ ಬಾರಿ ಫೋನನ್ನು ಮೊದಲು ಅವಳ ಕೈಗೆ ಕೊಡು.

ಎಲ್ಲರಿಗೂ ಶುಭವಾಗಲಿ.