ಹೊನ್ನಾವರದಲ್ಲಿ ಸಿದ್ಧವಾದ ಒಂದು ಹಡಗು

ಹೆರಾತಿನ ಅರಸನಾದ ಷಾಹರುಖನ ರಾಯಭಾರಿಯಾಗಿ 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನ ಬರಹದಲ್ಲಿ ವಿದ್ವಾಂಸರು ಇಮ್ಮಡಿ ದೇವರಾಯನ ಆಸ್ಥಾನವೈಭವವನ್ನೇ ವಿಶೇಷವಾಗಿ ಗಮನಿಸುವರು. ಆತನ ಮರುಪ್ರಯಾಣದ ವೃತ್ತಾಂತವೂ ಅಷ್ಟೇ ವಿಚಾರಾರ್ಹವಾದುದು. 1444ರಲ್ಲಿ ಆತನು ಹೊನ್ನಾವರಕ್ಕೆ ಹೋಗಿ ಹಡಗನ್ನು ಗೊತ್ತುಮಾಡಿ, 20 ಜನರಿಗೆ 40 ದಿನಗಳ ಯಾನಕ್ಕೆ ಬೇಕಾದ ಸಾಮಗ್ರಿಯನ್ನು ಕೂಡಿಸಿಕೊಂಡನು. ಶರಾವತಿಯು ಕಡಲನ್ನು ಕೂಡುವೆಡೆಯ ಈ ರೇವಿನಲ್ಲಿ ಪರದೇಶದವನೊಬ್ಬನಿಗೆ ದೂರಯಾನಕ್ಕೆ ತಕ್ಕ ನಾವೆಯೂ ಸಾಮಗ್ರಿಯೂ ಒಂದೆಡೆಯಲ್ಲಿಯೇ ದೊರೆತುವೆಂಬುದು ಇದರಿಂದ ವಿದಿತವಾಗುತ್ತದೆ. ಆದರೆ ದಾರಿಯಲ್ಲಿ ಬಿರುಗಾಳಿಯೆದ್ದಿತು; ಹೊರ್ಮುಜನ್ನು ಸೇರಲು 65 ದಿನಗಳು ಹಿಡಿದುವು. ಮೊದಲನೆಯ ಅಂಕೆಯು ರೇವಿನ ಶಕ್ತಿಯನ್ನೂ ಎರಡನೆಯದು ಸಮುದ್ರಯಾನದ ಅನಿಶ್ಚಯವನ್ನೂ ತಿಳಿಸುವುವು. ಕರಾವಳಿಯ ಚರಿತ್ರೆಯನ್ನು ಬರೆಯುವವರು ಅರಮನೆಯ ವರ್ಣನೆಯೊಡನೆ ಈ ಎರಡು ಅಂಕೆಗಳನ್ನೂ ಪರಿಶೀಲಿಸುವುದು ಅವಶ್ಯಕ.