ಸರಪಳಿಗೆ ಸಿಕ್ಕ ನೆಂಟಸ್ತನ

ಬಹಳ ದಿನಗಳ ಮೇಲೆ ಸೋದರಳಿಯ ಮನೆಗೆ ಬರುತ್ತಾನೆ. ಕಾಫಿಯಾದ ಬಳಿಕ ಹಾಳೆಯೊಂದನ್ನು ತೆಗೆದು ಮೇಲೊಂದು ಚುಕ್ಕಿ, ಕೆಳಗೆರಡು, ಅದರ ಕೆಳಗೆ ನಾಲ್ಕು ಇಡತೊಡಗುತ್ತಾನೆ. 'ಮೇಲಿನ ಚುಕ್ಕಿ ನೀವು, ಮಾವ' ಎನ್ನುತ್ತಾನೆ. ಒಲ್ಲೆನೆಂದರೆ ನೆಂಟಸ್ತನ ಕೆಡುತ್ತದೆ. ಹೂಂ ಎಂದರೆ ದುಡ್ಡು ಹೋಗುತ್ತದೆ. ಈ ಚುಕ್ಕಿಗಳ ರಂಗೋಲಿಗೆ ಅರ್ಧ ಶತಮಾನಕ್ಕೂ ಮೀರಿದ ಇತಿಹಾಸವಿದೆ.

ಅದರ ಮುಖ್ಯ ಅಧ್ಯಾಯವೊಂದು ನಡೆದದ್ದು ಅಮೆರಿಕದಲ್ಲಿ. ದಕ್ಷಿಣ ಕ್ಯಾರೊಲಿನಾದ ಬಡ ಗೇಣಿದಾರನ ಮಗ ಗ್ಲೆನ್ ಟರ್ನರ್ 1967ರಲ್ಲಿ ಫ್ಲಾರಿಡಾದ ಆರ್ಲ್ಯಾಂಡೊದಲ್ಲಿ 'ಕಾಸ್ಕಾಟ್ ಇಂಟರ್‌ಪ್ಲಾನೆಟರಿ' ಎಂಬ ಕಂಪೆನಿ ತೆರೆದ. ಹೆಸರೇನೋ ಗ್ರಹಾಂತರದ್ದು, ಸರಕು ಮಾತ್ರ ಮಿಂಕ್ ಎಂಬ ಪ್ರಾಣಿಯ ಎಣ್ಣೆ ಬೆರೆತ ಸೌಂದರ್ಯವರ್ಧಕ! 5,000 ಡಾಲರ್ ಕಟ್ಟಿದವನು ವಿತರಕ. ಅವನು ಇನ್ನೊಬ್ಬ ವಿತರಕನನ್ನು ಹಿಡಿದು ತಂದರೆ ಹೊಸಬನ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅವನದು. ಹೀಗಿರುವಾಗ ಡಬ್ಬಿ ಹೊತ್ತು ಬೀದಿ ಅಲೆಯುವವರು ಯಾರು? ಸಭೆಗಳಲ್ಲಿ ಮೊದಲೇ ಬರೆದಿಟ್ಟ ಭಾಷಣವನ್ನು ಒಪ್ಪಿಸಲಾಗುತ್ತಿತ್ತು. ಸದಸ್ಯರು ದುಬಾರಿ ಕಾರಿನಲ್ಲಿ ಬಂದು, ನೋಟಿನ ಕಂತೆ ತೋರಿಸಿ, ಸಿರಿವಂತರಂತೆ ಮೆರೆಯಬೇಕೆಂಬ ಸೂಚನೆಯೂ ಇತ್ತು.

ಅಡಚಣೆ ಇದ್ದದ್ದು ಲೆಕ್ಕದಲ್ಲಿ. ಒಬ್ಬ ಆರು ಜನರನ್ನು, ಆ ಆರು ಮಂದಿ ತಲಾ ಆರು ಜನರನ್ನು ಸೇರಿಸುತ್ತ ಹೋದರೆ ಹದಿಮೂರನೆಯ ಸುತ್ತಿಗೆ 1,306 ಕೋಟಿ ಜನ ಬೇಕು. ಭೂಮಿಯ ಮೇಲೆ ಅಷ್ಟು ಮಂದಿಯಿಲ್ಲ. ಊರಿನ ಮಟ್ಟದಲ್ಲಂತೂ ನಾಲ್ಕೈದು ಸುತ್ತಿಗೇ ಬಂಧುಬಳಗ ಮುಗಿಯುತ್ತದೆ.

'ನಮ್ಮಲ್ಲಿ ಸಾಮಾನು ಇದೆಯಲ್ಲ' ಎಂಬುದು ಸೋದರಳಿಯನ ವಾದ. ಕಾಸ್ಕಾಟ್‌ನಲ್ಲೂ ಇತ್ತು. 1975ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಅದರ ವಿರುದ್ಧ ತೀರ್ಪಿತ್ತಾಗ ನೋಡಿದ್ದು ಬೇರೆಯದನ್ನೇ: ಬಳಸುವ ಗಿರಾಕಿಗೆ ಮಾಲು ಮಾರುವುದಕ್ಕೆ ಸಂಬಂಧವಿಲ್ಲದೆ, ಜನರನ್ನು ಸೇರಿಸಿದ್ದಕ್ಕೇ ಪ್ರತಿಫಲ ಸಿಗುತ್ತದೆಯೇ? 1979ರಲ್ಲಿ ಆಮ್ವೇ ಕಂಪೆನಿಯ ಪದ್ಧತಿ ಪಿರಮಿಡ್ ಅಲ್ಲವೆಂದು ಹೇಳಿದ್ದೂ ಅದೇ ಕಮಿಷನ್.

ನಮ್ಮ ಕಡೆ ಚೀಟಿ ವ್ಯವಹಾರ ಹಳೆಯದು. ಅದನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಸಲ್ಲದು. ಇಪ್ಪತ್ತು ಜನರ ಚೀಟಿಯೆಂದರೆ ಕೊನೆಯ ಕಂತಿನವರೆಗೂ ಇಪ್ಪತ್ತೇ ಜನ. ಚೀಟಿ ಎತ್ತಿದವನ ಹಣ ಎಲ್ಲಿಂದ ಬಂತೆಂದು ಎಲ್ಲರಿಗೂ ಗೊತ್ತು. ಸರಪಳಿಗಾದರೋ ಹೊಸಬರು ಬರುತ್ತಲೇ ಇರಬೇಕು. ರಿಸರ್ವ್ ಬ್ಯಾಂಕ್ 1974ರಲ್ಲಿ ನೇಮಿಸಿದ ಜೇಮ್ಸ್ ರಾಜ್ ಅಧ್ಯಯನ ತಂಡ ಬಹುಮಾನ ಚೀಟಿಗಳನ್ನು ನಿಷೇಧಿಸಲು ಸಲಹೆಯಿತ್ತಿತು. 1978ರಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಅದರೊಂದಿಗೆ, ಸದಸ್ಯರ ಸೇರ್ಪಡೆಯನ್ನೇ ನೆಚ್ಚಿ ಸುಲಭ ಹಣದ ಆಸೆ ತೋರಿಸುವ 'ಹಣ ಚಲಾವಣೆ ಯೋಜನೆ'ಗಳನ್ನೂ ನಿಷೇಧಿಸಿತು. ನೇರ ಮಾರಾಟದ ಹೆಸರಿನಲ್ಲಿ ಪಿರಮಿಡ್ ಕಟ್ಟುವುದನ್ನು 2021ರ ಗ್ರಾಹಕ ಸಂರಕ್ಷಣಾ ನಿಯಮಗಳು ಮತ್ತೆ ತಡೆದವು.

1978ರ ಕಾಯ್ದೆಯ ಮೂರನೆಯ ಕಲಮನ್ನು ಓದಿದವರು ಕಡಿಮೆ. ಅಂಥ ಯೋಜನೆ ನಡೆಸುವುದು ಮಾತ್ರವಲ್ಲ, ಅದಕ್ಕೆ ಸದಸ್ಯನಾಗಿ ಸೇರುವುದೂ ಅದರ ಪ್ರಕಾರ ನಿಷಿದ್ಧ. ಹಾಳೆಯ ಮೇಲೆ ಚುಕ್ಕಿಯಾಗಲು ಒಪ್ಪಿದ ಮಾವನೂ ಅದರೊಳಗೆ ಬಂದ.